ಬೋಲ್ಟಿನ ಮೇಲಿನ ನೇಲ್ ಪಾಲಿಶ್

"ಮೂಸಿ ನೋಡು," ಎಂದು ಗಂಗೋತ್ರಿ ಆಗಷ್ಟೇ ಬಿಚ್ಚಿದ ಬ್ರೇಕ್ ಪ್ಯಾಡನ್ನು ಸುಷ್ಮಿತಾಳ ಮೂಗಿನ ಹತ್ತಿರ ಹಿಡಿದಳು.

ಸುಷ್ಮಿತಾ ಹಿಂದಕ್ಕೆ ಸರಿದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

"ನಾ ಮುಟ್ಟಂಗಿಲ್ರಿ ಅಕ್ಕಾ."

"ಮುಟ್ಟು ಅಂದೆನೇನು? ಮೂಸು ಅಂದೆ."

ಮೂಸಿದಳು. ಹುಬ್ಬು ಮೇಲೇರಿತು. "ಡೀಸೆಲ್. ಜೊತಿಗೆ ಹಳೇ ಇಂಜಿನ್ ಆಯಿಲ್."

"ಪೆಟ್ರೋಲ್ ಕುಡಿಯೋ ಕಾರಿನ ಬ್ರೇಕಿಗೆ ಡೀಸೆಲ್ ಎಲ್ಲಿಂದ ಬಂತು?"

ಸುಷ್ಮಿತಾ ಪ್ಯಾಡಿನತ್ತ ಬಗ್ಗಿದಳು. ಕಟ್ಟಿಕೊಂಡ ಕೈ ಸಡಿಲವಾಯಿತು.

ಹೋದ ಅಮಾವಾಸ್ಯೆಯ ದಿನ ಸಂಡೂರು ಘಾಟಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಅದಿರಿನ ಗುಡ್ಡೆಗೆ ಮೂತಿ ತೂರಿಸಿದ ಹಳದಿ ಕಾರು ಇದೇ. ಅದರ ಬ್ರೇಕ್ ಕಟ್ಟಿದವಳು ಸುಷ್ಮಿತಾ, ಓಡಿಸುತ್ತಿದ್ದೆ ಎಂದವನು ಅವಳನ್ನು ಮದುವೆಯಾಗಬೇಕಿದ್ದ ಯಲ್ಲೇಶ್, ತಪ್ಪು ಯಾರದೆಂದು ಹೇಳಬೇಕಾದವಳು ಇನ್ಶೂರೆನ್ಸ್ ಸರ್ವೇಯರ್ ಗಂಗೋತ್ರಿ.

ಕಾರೆಂದರೆ ಸಾಮಾನ್ಯ ಕಾರಲ್ಲ. ಅದಿರು ಲಾರಿಗಳು ಹಗಲು ರಾತ್ರಿ ಎನ್ನದೆ ಓಡುತ್ತಿದ್ದ ಕಾಲದಲ್ಲಿ ಸಂಡೂರಿನ ಯಾರೋ ಗುತ್ತಿಗೆದಾರ ಶೋಕಿಗೆ ಕೊಂಡಿದ್ದ ಆಕ್ಟೇವಿಯಾ ಆರ್‌ಎಸ್. ಗಣಿ ನಿಂತ ಮೇಲೆ ಶೆಡ್ಡಿನಲ್ಲಿ ಕೂತು, ಹಳದಿ ಹೋಗಿ ಕಿತ್ತಳೆ ಆಗುವಷ್ಟು ಕೆಂಪು ಧೂಳು ಕುಡಿದಿತ್ತು. ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವ ಯಲ್ಲೇಶ್ ಅದನ್ನು ಎಬ್ಬಿಸಿ ತಂದ. ಇಂಜಿನ್ನಿಗೆ ಈಗಲೂ ಹುಡುಗಾಟ. ಬ್ರೇಕಿಗೆ ಮಾತ್ರ ಮುಪ್ಪು.

ಹಾಗಾಗಿ ಅದು ಹೊಸಪೇಟೆಯ ಟಿ.ಬಿ. ಡ್ಯಾಂ ರಸ್ತೆಯ ಜಂಬುನಾಥರ ಗ್ಯಾರೇಜಿಗೆ ಬಂತು. ಅವರ ಮಗಳು ಸುಷ್ಮಿತಾ ದೊಡ್ಡ ಡಿಸ್ಕು ಕೂರಿಸಿದಳು, ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ಹಾಕಿದಳು, ಉಬ್ಬಿದ ರಬ್ಬರ್ ಹೋಸು ಕಿತ್ತು ಸ್ಟೀಲ್ ಜಾಲರಿಯ ಹೋಸು ಎಳೆದಳು, ಕಾಫಿ ಬಣ್ಣಕ್ಕೆ ತಿರುಗಿದ್ದ ಬ್ರೇಕ್ ಆಯಿಲನ್ನು ಹನಿ ಬಿಡದಂತೆ ಹೊರಗೆ ಹಾಕಿ ಹೊಸದು ತುಂಬಿದಳು. ಆಮೇಲೆ ಬೆಳಿಗ್ಗೆ ಬೆಳಿಗ್ಗೆ ಕಾಲುವೆ ರಸ್ತೆಯ ಮೇಲೆ ಓಡಿಸಿದಳು. ವೇಗ ಹಿಡಿಯುವುದು, ಬ್ರೇಕ್ ಒತ್ತಿ ಇಳಿಸುವುದು, ಆರಲು ಬಿಡುವುದು, ಮತ್ತೆ ಹಿಡಿಯುವುದು. ಹೊಸ ಪ್ಯಾಡು, ಹೊಸ ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳುವ ತನಕ ಇದನ್ನು ಮಾಡಬೇಕು. ಪಕ್ಕದ ಸೀಟಿನಲ್ಲಿ ಯಲ್ಲೇಶ್ ಕೂತಿರುತ್ತಿದ್ದ. ಹೊಂದಿಕೊಂಡದ್ದು ಪ್ಯಾಡು, ಡಿಸ್ಕು ಮಾತ್ರವಲ್ಲ ಎಂದು ಡ್ಯಾಂ ರಸ್ತೆಯವರೆಲ್ಲ ನಗುತ್ತಿದ್ದರು.

ಗುದ್ದಿದ ಮರುದಿನ ಕಂಪ್ಲಿಯಿಂದ ಯಲ್ಲೇಶನ ತಾಯಿ ರೇಣುಕಮ್ಮನ ಫೋನು ಬಂತು. ಒಂದೇ ಮಾತು. "ನನ್ನ ಮಗನ್ನ ಗುಡ್ಡಕ್ಕ ಗುದ್ದಿಸಿದ ಕೈ ನಮ್ಮನಿಗೆ ಬ್ಯಾಡ."

ನಿಶ್ಚಿತಾರ್ಥ ನಿಂತಿತು. ಸುಷ್ಮಿತಾ ಅಂದಿನಿಂದ ಸ್ಪಾನರ್ ಮುಟ್ಟಿಲ್ಲ. ಕೆಲಸದ ತಪ್ಪು ಎಂದು ಗಂಗೋತ್ರಿ ಇವತ್ತು ಸಂಜೆ ಬರೆದುಕೊಟ್ಟರೆ ಇನ್ನು ಮುಟ್ಟುವುದೂ ಇಲ್ಲ.

"ಇದೇನು ಬಣ್ಣ?" ಗಂಗೋತ್ರಿ ಬಗ್ಗಿ ಎಡಗಡೆಯ ಕ್ಯಾಲಿಪರಿನ ಮೇಲೆ ಟಾರ್ಚ್ ಬಿಟ್ಟಳು. ಬೋಲ್ಟಿನ ತಲೆಯಿಂದ ಅದರ ಪಕ್ಕದ ಲೋಹದವರೆಗೆ ಸಣ್ಣದೊಂದು ಕಡುಗೆಂಪು ಗೆರೆ ಇತ್ತು.

ಟೈರಿನ ಮೇಲೆ ಕೂತು ಟೀ ಹೀರುತ್ತಿದ್ದ ಜಂಬುನಾಥ ನಕ್ಕರು. "ನಮ್ಮ ಗ್ಯಾರೇಜಿನ ಪದ್ಧತಿರಿ ಮೇಡಂ. ಬೋಲ್ಟ್ ಬಿಗಿ ಮಾಡಿದ್ರ ಗೆರಿ ಎಳೀಬೇಕು. ಆಮ್ಯಾಲೆ ಯಾರರ ತಿರುವಿದ್ರ ಗೆರಿ ಮುರೀತೈತಿ. ನಾ ಸುಣ್ಣದಾಗ ಎಳೀತಿದ್ದೆ. ಈಕಿ ನೇಲ್ ಪಾಲಿಶ್ ತಂದ್ಲು. ಗ್ಯಾರೇಜೋ ಬ್ಯೂಟಿ ಪಾರ್ಲರೋ ಅಂತ ಎಲ್ಲಾರೂ ಕೇಳ್ತಾರ."

"ಸುಣ್ಣ ಮಳಿಗೆ ಹೋಗ್ತಿತ್ತಲ್ಲಪ್ಪಾ," ಎಂದಳು ಸುಷ್ಮಿತಾ. "ಮರೂನ್ ಹೋಗಂಗಿಲ್ಲ. ಯಾವಾಗ್ಲೂ ಮರೂನ್. ಬ್ಯಾರೆ ಬಣ್ಣ ನನಗ ಸೇರಂಗಿಲ್ಲ."

ಬಿಚ್ಚುವ ಮೊದಲು ಗಂಗೋತ್ರಿ ತೆಗೆದಿದ್ದ ಫೋಟೋದಲ್ಲಿ ಆ ಗೆರೆ ಮುರಿದಿರಲಿಲ್ಲ. ಅಂದರೆ ಸುಷ್ಮಿತಾಳ ನಂತರ ಅಲ್ಲಿಯವರೆಗೆ ಆ ಬೋಲ್ಟನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಪ್ಯಾಡು ಎಣ್ಣೆ ಕುಡಿದಿತ್ತು. ಅಂದರೆ ಎಣ್ಣೆ ಹೊರಗಿನಿಂದ ಬಂದಿದೆ.

ಗಂಗೋತ್ರಿ ಪ್ಯಾಡನ್ನು ಮತ್ತೆ ಕೂರಿಸಿ ಬೋಲ್ಟ್ ಬಿಗಿದು, ಕಾರಿನೊಳಗೆ ಕೂತು ಇಂಜಿನ್ ಶುರು ಮಾಡಿ ಪೆಡಲ್ ಒತ್ತಿದಳು. ಒಂದು ಬೆರಳು ಇಳಿದು ಗಟ್ಟಿಯಾಗಿ ನಿಂತಿತು. ಮತ್ತೆ ಒತ್ತಿದಳು. ಅಲ್ಲೇ ನಿಂತಿತು. ಗಾಳಿ ಹೊಕ್ಕಿಲ್ಲ, ಸೋರಿಲ್ಲ. ಇಂಥ ಪೆಡಲ್ ಸಿಕ್ಕರೆ ಯಾವ ಡ್ರೈವರೂ ಖುಷಿಪಡಬೇಕು.

ಅವಳು ಮೊಬೈಲು ತೆಗೆದು ಯಲ್ಲೇಶನ ಹೇಳಿಕೆಯನ್ನು ಜೋರಾಗಿ ಹಾಕಿದಳು. "...ಘಾಟ್ ಇಳಿಯುವಾಗ ತುಳದೆ ಮೇಡಂ. ಪೆಡಲ್ ಸೀದಾ ತಳ ಮುಟ್ಟಿಬಿಡ್ತು..."

ಸುಷ್ಮಿತಾ ತಲೆ ಎತ್ತಿದಳು. "ತಳ ಮುಟ್ತು ಅಂದಾನಾ? ಪ್ಯಾಡಿಗೆ ಎಣ್ಣಿ ಬಿದ್ರ ಪೆಡಲ್ ತಳಕ್ಕ ಹೋಗಂಗಿಲ್ರಿ. ಗಟ್ಟಿನ ಇರತೈತಿ. ಡಿಸ್ಕು ಜಾರತೈತಿ ಅಷ್ಟ. ಎಷ್ಟು ತುಳದ್ರೂ ಗಾಡಿ ನಿಲ್ಲಂಗಿಲ್ಲ."

"ಹೌದಲ್ಲ. ಹಂಗಾದ್ರ ತುಳಿದ ಕಾಲಿಗೆ ಅದು ಗೊತ್ತಿರಬೇಕಿತ್ತಲ್ಲ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಬಲಗಡಿನೂ ನೋಡೂಣು," ಎಂದು ಗಂಗೋತ್ರಿ ಆ ಕಡೆ ಹೋದಳು. ಹೋಗಲು ಜಾಗವಿರಲಿಲ್ಲ. ನಿನ್ನೆಯವರೆಗೂ ಕಂಪ್ಲಿಯಲ್ಲಿ ಯಲ್ಲೇಶನ ಮನೆಯ ಬಾಳೆ ಶೆಡ್ಡಿನಲ್ಲಿದ್ದ ಕಾರನ್ನು ಕ್ರೇನಿನವನು ತಂದು, ಬಲಮಗ್ಗುಲು ಗೋಡೆಗೆ ಅಂಟುವ ಹಾಗೆ ನಿಲ್ಲಿಸಿ ಹೋಗಿದ್ದ.

"ಹಿಂಗ್ಯಾಕ ನಿಲ್ಸಿದ್ರಿ?"

"ಅಪ್ಪಾನ ಹಂಗ ನಿಲ್ಸು ಅಂದ. ದಾರಿಗೆ ಅಡ್ಡ ಆಗತೈತಂತ."

"ಎಡಗಡಿ ನೋಡಿದ್ರ ಸಾಕಲ್ರಿ ಮೇಡಂ," ಎಂದರು ಜಂಬುನಾಥ, ಲೋಟದ ತಳದ ಸಕ್ಕರೆಯನ್ನು ಬೆರಳಲ್ಲಿ ತೆಗೆಯುತ್ತ. "ಎರಡೂ ಒಂದ ತಾಯಿ ಮಕ್ಕಳು. ಬಿಸಿಲಾಗ ಯಾಕ ತ್ರಾಸು? ಟೀ ಕುಡೀರಿ."

ಗಂಗೋತ್ರಿ ಸ್ಪಾನರನ್ನು ಬಾನೆಟ್ ಮೇಲೆ, ಸುಷ್ಮಿತಾಳ ಕೈಗೆ ಸಿಗುವ ಹಾಗೆ ಇಟ್ಟಳು.

"ನಾ ಕಂಪ್ಲಿಗೆ ಹೋಗಿ ಬರ್ತೀನಿ. ಕಾರು ದೂಡಿಸಿ ಬಲಗಡಿ ನೀನ ಬಿಚ್ಚಿ ಇಡು."

"ಅಕ್ಕಾ, ನಾ..."

"ಮೂಸೋದು ಮೂಸಿದಿ. ಇನ್ನ ಮುಟ್ಟೋದು ಅಷ್ಟ ಬಾಕಿ."

ಕಮಲಾಪುರ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಬಾಳೆ, ಅದರಾಚೆ ಭತ್ತ, ಮುಂದೆ ಕಬ್ಬಿನ ಟ್ರ್ಯಾಕ್ಟರ್. ಸ್ಕೂಟರ್ ಮೇಲೆ ಗಂಗೋತ್ರಿಗೆ ಹಾಡು ಗುನುಗುವ ಚಟ; ಇವತ್ತು ಗುನುಗಿದ್ದು ಪೆಡಲ್ ಲೆಕ್ಕ. ಮೆತ್ತಗಿನ ಪೆಡಲ್, ಗಟ್ಟಿ ಪೆಡಲ್. ಕಾರಿನ ಹುಚ್ಚಿರುವ ಹುಡುಗ ಈ ಎರಡನ್ನು ಅದಲುಬದಲು ಮಾಡುವುದು, ಅಡುಗೆಯವನು ಉಪ್ಪನ್ನು ಸಕ್ಕರೆ ಎಂದ ಹಾಗೆ. ಒಂದೋ ಸುಳ್ಳು ಹೇಳಿದ್ದಾನೆ, ಇಲ್ಲವೇ ಆ ಪೆಡಲ್ ಮೇಲೆ ಇದ್ದದ್ದು ಅವನ ಕಾಲಲ್ಲ.

ಕಂಪ್ಲಿಯ ಮನೆಯ ಬಾಗಿಲಲ್ಲೇ ಅವಳಿಗೆ ಅರ್ಧ ಉತ್ತರ ಸಿಕ್ಕಿತು.

ಯಲ್ಲೇಶ್ ಬನಿಯನ್ನಿನಲ್ಲಿ ಬಂದು ಬಾಗಿಲು ತೆಗೆದ. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರಿನ ಕಟ್ಟು. ಅದರ ಮೇಲೆ ಕಾರ್ಖಾನೆಯ ಗೆಳೆಯರ ಸಹಿಗಳು, ಒಂದು ನಗುವ ಮುಖ, ಹೆಬ್ಬೆರಳ ಹತ್ತಿರ ಗುಲಾಬಿ ಬಣ್ಣದ ಒಂದು ಹನಿ. ಆದರೆ ಗಂಗೋತ್ರಿಯ ಕಣ್ಣು ನಿಂತದ್ದು ಅವನ ಕೊರಳ ಕೆಳಗೆ. ಎಡ ಹೆಗಲಿನಿಂದ ಎದೆಯ ಮೇಲೆ ಓರೆಯಾಗಿ ಇಳಿದ ಅಗಲ ಪಟ್ಟಿಯ ಕಲೆ, ವಾಸಿಯಾಗುತ್ತ ಹಸಿರು ಹಳದಿಗೆ ತಿರುಗಿತ್ತು.

"ಬರ್ರಿ ಮೇಡಂ, ಕುಂದ್ರಿ," ಎಂದ. "ಅವ್ವಾ, ಇನ್ಶೂರೆನ್ಸ್ ಮೇಡಂ ಬಂದಾರ."

ರೇಣುಕಮ್ಮ ಮಂಡಕ್ಕಿ ಒಗ್ಗಾಣಿಯ ಪಾತ್ರೆ, ಮಿರ್ಚಿಯ ತಟ್ಟೆ ಹಿಡಿದು ಬಂದರು. ಗಟ್ಟಿಮುಟ್ಟಾದ ಹೆಂಗಸು. ಬಾಳೆ ವ್ಯಾಪಾರದ ಮನೆ. ಆಳುಗಳ ಜೊತೆ ಟ್ರ್ಯಾಕ್ಟರ್ ತಾವೇ ಓಡಿಸುವವರೆಂದು ಊರಿಗೆಲ್ಲ ಗೊತ್ತು. ಇವತ್ತು ಕುಂಟುತ್ತಿದ್ದರು. ಬಲಗಾಲಿನ ಹರಡಿಗೆ ಅರಿಶಿನ, ಸುಣ್ಣ ಮೆತ್ತಿತ್ತು.

"ಕಾಲಿಗೇನಾತ್ರಿ ಅಮ್ಮಾ?"

"ಹಿತ್ತಲದಾಗ ಜಾರಿದೆ ತಂಗೀ. ಮೊದ್ಲು ತಿನ್ನು, ಬಿಸಿ ಆರತೈತಿ."

ಗಂಗೋತ್ರಿ ಮಿರ್ಚಿ ಕಚ್ಚಿದಳು. ಒಳ್ಳೆಯ ಮಿರ್ಚಿ, ಕೆಲಸ ಸ್ವಲ್ಪ ಕಾಯಬಹುದು ಅನ್ನಿಸುವಂಥದ್ದು. ಎರಡನೆಯದನ್ನು ಕೈಗೆ ತೆಗೆದುಕೊಂಡು ಕೇಳಿದಳು. "ಯಲ್ಲೇಶವ್ರೇ, ಪೆಡಲ್ ತಳ ಮುಟ್ತು ಅಂದ್ರಿ."

"ಹೂಂನ್ರಿ. ಬೆಣ್ಯಾಗ ಕಾಲಿಟ್ಟಂಗ."

"ಖರೇ ಅಲ್ಲ?"

"ಖರೇನ್ರಿ."

"ಹಂಗಾದ್ರ ನನ್ನ ಕೆಲಸ ಹಗುರಾತು. ಪೆಡಲ್ ತಳಕ್ಕ ಹೋತು ಅಂದ್ರ ಬ್ರೇಕ್ ಕಟ್ಟಿದಾಕಿ ಒಳಗ ಗಾಳಿ ಬಿಟ್ಟಾಳ ಅಂತನ ಅರ್ಥ. ಕೆಲಸ ಬರದಾಕಿ ಮಾಡೋ ತಪ್ಪದು. ಹಂಗ ಬರೀತೀನಿ." ಅವಳು ಯಲ್ಲೇಶನನ್ನು ನೋಡಲಿಲ್ಲ, ರೇಣುಕಮ್ಮನನ್ನೇ ನೋಡಿದಳು. "ಆ ಹುಡುಗಿ ಇನ್ನ ಗ್ಯಾರೇಜ್ ಕಡಿ ಬರಂಗಿಲ್ಲ ಬಿಡ್ರಿ. ಈಗಾಗಲೇ ಸ್ಪಾನರ್ ಮುಟ್ಟೋದು ಬಿಟ್ಟಾಳ."

ಯಲ್ಲೇಶ್ ನೆಲ ನೋಡಿದ. ರೇಣುಕಮ್ಮ ಒಗ್ಗಾಣಿಯ ಪಾತ್ರೆಗೆ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಕೆಲಸಾನ ಬಿಟ್ಟಾಳೇನು?"

"ಬಿಟ್ಟಾಳ್ರಿ."

"ತಳಕ್ಕ ಹೋಗಲಿಲ್ಲವ್ವಾ ಅದು," ಎಂದರು ರೇಣುಕಮ್ಮ.

"ಅವ್ವಾ, ನೀ ಸುಮ್ನಿರು."

"ನೀ ಸುಮ್ನಿರಲೇ. ಆಕಿ ಕೈ ನಮ್ಮನಿಗೆ ಬ್ಯಾಡ ಅಂದೆ ಖರೇ. ಆಕಿ ಹೊಟ್ಟಿ ಮ್ಯಾಲೆ ಸುಳ್ಳು ಹಾಕು ಅಂತ ಅಂದಿಲ್ಲ." ಗಂಗೋತ್ರಿಯ ಕಡೆ ತಿರುಗಿದರು. "ಕಲ್ಲು ತುಳದಂಗಿತ್ತು ತಂಗೀ. ಎರಡೂ ಕಾಲು ಹಚ್ಚಿ ತುಳದೆ. ಒಂಚೂರೂ ಹಿಡೀಲಿಲ್ಲ. ಓಡಿಸ್ತಿದ್ದಾಕಿ ನಾನು."

ಯಲ್ಲೇಶ್ ಗೂಟದ ಮೇಲಿನ ಟವಲು ಎಳೆದು ಹೆಗಲಿಗೆ ಹಾಕಿಕೊಂಡ. ಹೊರಗೆ ಯಾರೋ ಬಾಳೆಗೊನೆ ಇಳಿಸುತ್ತಿದ್ದರು.

"ಗೊತ್ತಾತ್ರಿ," ಎಂದಳು ಗಂಗೋತ್ರಿ.

"ಹ್ಯಾಂಗ?" ಯಲ್ಲೇಶ್ ತಲೆ ಎತ್ತಿದ.

"ಸ್ಟೇರಿಂಗ್ ಮುಂದ ಕುಂತೋರಿಗೆ ಬೆಲ್ಟು ಬಲ ಹೆಗಲ ಮ್ಯಾಲಿಂದ ಬರತೈತಿ. ನಿಮ್ಮ ಬೆಲ್ಟಿನ ಕಲಿ ಎಡ ಹೆಗಲ ಮ್ಯಾಲೈತಿ. ಪಕ್ಕದ ಸೀಟಿನಾಗ ಕುಂತಿದ್ರಿ. ಹ್ಯಾಂಡ್ ಬ್ರೇಕ್ ಎಳಿಯಾಕ ಬಲಗೈ ಹಾಕಿದ್ರಿ, ಅದಕ್ಕ ಮುರಿದಿದ್ದು ಬಲ ಮಣಿಕಟ್ಟು. ಇನ್ನ ಹಿತ್ತಲದಾಗ ಜಾರಿದ ಕಾಲು..." ಅವಳು ಅರಿಶಿನ ಮೆತ್ತಿದ ಹರಡನ್ನು ನೋಡಿದಳು. "ಆ ಹಿತ್ತಲ ಸಂಡೂರು ಘಾಟಿನಾಗ ಐತಿ."

ರೇಣುಕಮ್ಮನಿಗೆ ನಗು ಬಂತು. ತಡೆದರೂ ಬಂತು.

"ಎಲ್‌ಎಲ್‌ಆರ್ ಐತಿ ತಂಗೀ. ಸುಳ್ಳಲ್ಲ. ಟ್ರ್ಯಾಕ್ಟರ್ ಆತು, ಕಾರೂ ಕಲ್ತುಬಿಡೂಣು ಅಂತ. ಇವ ಹೆದರಿದ. ಅತ್ತಿ ಆಗಾಕಿ ಗುಡ್ಡಕ್ಕ ಗುದ್ದಿದ್ಲು ಅಂತ ಊರೆಲ್ಲ ನಗತೈತಿ, ಇನ್ಶೂರೆನ್ಸೂ ಹೋಗತೈತಿ ಅಂದ."

"ಕಲಿಯೋರು ಪಕ್ಕದಾಗ ಲೈಸೆನ್ಸ್ ಇದ್ದೋರನ್ನ ಕುಂದ್ರಿಸ್ಕೊಂಡು ಓಡಿಸಬೌದ್ರಿ. ಎಲ್ ಬೋರ್ಡ್ ಅಂಟಿಸಿದ್ರೇನು?"

"ಅಂಟಿಸಿದ್ನಲ್ಲ. ಪೂಜಿ ಮಾಡುವಾಗ ಅದರ ಮ್ಯಾಲೆ ಕುಂಕುಮ ಸ್ವಲ್ಪ ಭಾಳ ಬಿತ್ತು."

ಪೂಜೆ. ಗಂಗೋತ್ರಿ ಮಿರ್ಚಿಯನ್ನು ತಟ್ಟೆಯಲ್ಲಿಟ್ಟಳು. "ಅಮ್ಮಾ, ಪೂಜಿಗಿಂತ ಮೊದ್ಲು ಕಾರು ತೊಳಿಸಿದ್ರೇನು?"

"ತೊಳಿಸ್ದಂಗ ಹ್ಯಾಂಗ? ಅಮಾಸಿ, ಕುಮಾರಸ್ವಾಮಿ ಗುಡಿಗೆ ಹೋಗಿದ್ವಿ. ಗಾಡಿ ಮಾರಿ ತುಂಬ ಅದಿರಿನ ಧೂಳ. ಅಂಥಾ ಮಾರಿಗೆ ಕುಂಕುಮ ಇಡಾಕ ಬರತೈತೇನು? ಘಾಟಿಗಿಂತ ಮುಂಚೆ ಲಾರಿ ನಿಲ್ಲೋ ಕಡಿ ವಾಟರ್ ಸರ್ವಿಸ್ ಐತಲ್ಲ, ಅಲ್ಲಿ ತೊಳಿಸ್ದೆ. ಇವ ಟೀ ಕುಡಿಯಾಕ ಹೋಗಿದ್ದ."

"ತೊಳದ ಮ್ಯಾಲೆ?"

"ಗಾಡಿ ತಳಕ್ಕ ಸ್ಪ್ರೇ ಹೊಡಿಸ್ದೆ. ನಮ್ಮ ಬಾಳಿ ಲಾರಿಗೆ ಯಾವಾಗ್ಲೂ ಹೊಡಸ್ತೀವಿ. ಡೀಸೆಲ್‌ಗೆ ಹಳೇ ಆಯಿಲ್ ಕಲಸಿ ಹೊಡಿತಾರ, ತುಕ್ಕು ಹಿಡಿಯಂಗಿಲ್ಲ. ಗಾಲಿ ಒಳಗ ಇನ್ನೊಂದೀಟು ಹೊಡಿಯಪಾ, ಹೊಳೀಲಿ, ಅಂತ ನಾನ ಮುಂದ ನಿಂತು..."

ರೇಣುಕಮ್ಮನ ಮಾತು ಅಲ್ಲಿಗೇ ನಿಂತಿತು. ಯಲ್ಲೇಶ್ ಎಡಗೈಯಿಂದ ಹಣೆ ಒತ್ತಿಕೊಂಡ.

"ಲಾರಿ ಬ್ರೇಕು ಡ್ರಮ್ಮಿನೊಳಗ ಮುಚ್ಚಿಕೊಂಡಿರತೈತ್ರಿ," ಎಂದಳು ಗಂಗೋತ್ರಿ ಮೆತ್ತಗೆ. "ಸ್ಪ್ರೇ ಹೊರಗ ಉಳೀತೈತಿ. ಈ ಕಾರಿನ ಡಿಸ್ಕು ದ್ವಾಸಿ ಕಲ್ಲಿದ್ದಂಗ, ಬಯಲಿಗೇ ಇರತೈತಿ. ಕಲ್ಲಿಗೆ ಎಣ್ಣಿ ಸುರುವಿ, ಈಗ ದ್ವಾಸಿ ಗಟ್ಟಿ ಹಿಡಕೋ ಅಂದ್ರ ಹಿಡಕೊಂತೈತೇನ್ರಿ?"

ರೇಣುಕಮ್ಮ ತಮ್ಮ ಕಾಲನ್ನು ನೋಡಿಕೊಂಡರು.

"ಅಂದ್ರ ಆ ಹುಡುಗಿ ಕೈದಾಗ ಏನೂ ತಪ್ಪಿದ್ದಿಲ್ಲ."

"ಏನೂ ಇದ್ದಿಲ್ರಿ. ಆಕಿ ಕಟ್ಟಿದ ಪೆಡಲ್ ಈಗಲೂ ಕಲ್ಲಿನಂಗ ಐತಿ."

"ನನ್ನ ಭಕ್ತಿನ ನನ್ನ ಗುಡ್ಡಕ್ಕ ಹಾಕ್ತು ಅನ್ನು."

"ಭಕ್ತಿ ಅಲ್ರಿ ಅಮ್ಮಾ, ಸ್ಪ್ರೇ."

ರೇಣುಕಮ್ಮ ಎದ್ದರು. "ಯಲ್ಲ್ಯಾ, ಆಟೋದವಗ ಫೋನ್ ಹಚ್ಚು. ಹೊಸಪೇಟಿಗೆ ಹೋಗಬೇಕು. ಬ್ಯಾಡ ಅಂದ ಬಾಯಿಂದನ ಬಾ ಅನ್ನಬೇಕು ಆಕಿಗೆ, ಫೋನಿನಾಗ ಅಲ್ಲ. ನಾ ಸೀರಿ ಬದಲಿಸ್ಕೊಂಡು ಬರ್ತೀನಿ. ತಂಗೀ, ಆ ಮಿರ್ಚಿ ಬಿಡಬ್ಯಾಡ." ಕುಂಟುತ್ತಲೇ, ಆದರೆ ಕುಂಟುವವರಂತೆ ಕಾಣದ ವೇಗದಲ್ಲಿ ಒಳಗೆ ಹೋದರು.

ಗಂಗೋತ್ರಿ ಬಿಟ್ಟ ಮಿರ್ಚಿಯನ್ನು ಮತ್ತೆ ಕೈಗೆತ್ತಿಕೊಂಡಳು. ಕೆಲಸದಲ್ಲಿ ಇಂಥ ಮಧ್ಯಾಹ್ನ ಅಪರೂಪ. ಯಾರೂ ಸತ್ತಿಲ್ಲ, ಯಾರೂ ಕೆಟ್ಟವರಲ್ಲ, ರಿಪೋರ್ಟು ಅರ್ಧ ಪುಟದಲ್ಲಿ ಮುಗಿಯುತ್ತದೆ, ನಿಶ್ಚಿತಾರ್ಥದ ಊಟಕ್ಕೆ ಕರೆಯೂ ಬರಬಹುದು.

ಫೋನು ಬಡಿಯಿತು. ಸುಷ್ಮಿತಾ.

"ಅಕ್ಕಾ, ಬಲಗಡಿ ಬಿಚ್ಚಿದೆ."

"ಸ್ಪಾನರ್ ಹಿಡಿದ್ಯಾ? ಶಾಬ್ಬಾಸ್. ನಾನೂ ಒಂದು ಸುದ್ದಿ..."

"ಮೊದ್ಲು ನಂದು ಕೇಳ್ರಿ." ಅವಳ ದನಿ ಸಣ್ಣಗಾಗಿತ್ತು. "ಡಿಸ್ಕಿನ ಅಂಚಿಗೆ ಎಣ್ಣಿ ಐತಿ. ಪ್ಯಾಡು ಒಣಗೈತಿ. ಒಂದು ಹನಿ ಇಲ್ಲ. ಮತ್ತ ಇದು ನಾ ಹಾಕಿದ ಪ್ಯಾಡ್ ಅಲ್ಲ. ಇನ್ನೂ ಡಿಸ್ಕಿಗೆ ಉಜ್ಜೇ ಇಲ್ಲ ಇದು, ಹೊಸಾದು."

"ಬೋಲ್ಟಿನ ಮ್ಯಾಲೆ ಗೆರಿ?"

"ಐತಿ. ಚಂದಗ ಎಳದಾರ. ಆದ್ರ ಮರೂನ್ ಅಲ್ರಿ ಅಕ್ಕಾ. ಗುಲಾಬಿ."

ಗಂಗೋತ್ರಿ ನಿಧಾನವಾಗಿ ತಿರುಗಿದಳು.

ಯಲ್ಲೇಶನ ಕಟ್ಟಿನ ಮೇಲೆ, ನಗುವ ಮುಖದ ಪಕ್ಕದಲ್ಲಿ, ಹೆಬ್ಬೆರಳ ಹತ್ತಿರ ಗುಲಾಬಿ ಬಣ್ಣದ ಆ ಹನಿ ಇತ್ತು. ಕಟ್ಟು ಹಾಕಿದ್ದು ಗುದ್ದಿದ ಮೇಲೆ. ಅಂದರೆ ಹನಿ ಬಿದ್ದದ್ದೂ ಗುದ್ದಿದ ಮೇಲೆ. ಕಾರು ಈ ಮನೆಯ ಶೆಡ್ಡಿನಲ್ಲಿದ್ದಾಗ.

ಅವನು ಅವಳ ನೋಟ ಹಿಡಿದು, ಹೆಗಲ ಮೇಲಿನ ಟವಲನ್ನು ಕಟ್ಟಿನ ಮೇಲೆ ಎಳೆದುಕೊಂಡ.

ಅವಳು ಫೋನಿನ ಬಾಯಿಗೆ ಬೆರಳು ಒತ್ತಿದಳು. "ಬಲಗಡಿ ಪ್ಯಾಡ್ ಬದಲಾಗೈತಿ. ಎಡಗಡಿ ಬೋಲ್ಟ್ ಬಿಚ್ಚಾಕ ನನಗ ಎರಡೂ ಕೈ ಸಾಲಲಿಲ್ಲ. ನೀವು ಒಂದು ಕೈಲೆ ಬಿಚ್ಚಿರಾಕಿಲ್ಲ. ಟಾರ್ಚ್ ಹಿಡಿದಿರಿ, ಪಾಲಿಶ್ ಬಾಟ್ಲಿ ಹಿಡಿದಿರಿ. ಸ್ಪಾನರ್ ಹಿಡಿದಿದ್ದು ಯಾರು?"

ಯಲ್ಲೇಶ್ ಒಳಕೋಣೆಯ ಕಡೆ ನೋಡಿದ. ಬೀರು ತೆಗೆಯುವ ಸದ್ದು ಕೇಳುತ್ತಿತ್ತು.

"ಆಣಿ ಮಾಡಿಸ್ಕೊಂಡಾರ್ರಿ ಮೇಡಂ. ಸುಷ್ಮಿಗೆ ಗೊತ್ತಾಗಬಾರದು ಅಂತ. ಯಾಕ ಅಂತ ನನಗೂ ಹೇಳಲಿಲ್ಲ. ಹಳೇ ಪ್ಯಾಡ್ ಬಿಚ್ಚಿದ್ರು, ಅರಿವ್ಯಾಗ ಸುತ್ತಿಕೊಂಡು ಹೋದ್ರು."

"ಯಾರು?"

"ಆಕಿ ಅಪ್ಪ."

ಕಾರಿನ ಬಲಮಗ್ಗುಲನ್ನು ಗೋಡೆಗೆ ಅಂಟಿಸಿ ನಿಲ್ಲಿಸಿದವರು, ಎಡಗಡೆ ನೋಡಿದರೆ ಸಾಕು ಎಂದವರು ಅವರೇ. ಗಂಗೋತ್ರಿ ಫೋನನ್ನು ಮತ್ತೆ ಕಿವಿಗೆ ಹಿಡಿದಳು. ಅದರೊಳಗಿಂದ, ಮೂವತ್ತು ಕಿಲೋಮೀಟರ್ ಆಚೆಯ ಗ್ಯಾರೇಜಿನಿಂದ, ಜಂಬುನಾಥರ ದನಿ ಸಮಾಧಾನವಾಗಿ, ಸ್ಪಷ್ಟವಾಗಿ ಕೇಳಿಸಿತು.

"ಸುಷ್ಮೀ, ಫೋನ್ ಇಡವ್ವಾ. ಆ ಪ್ಯಾಡ್ ಇಲ್ಲಿ ಕೊಡು. ಟೀ ಆರತೈತಿ, ನೀ ಹೋಗಿ ಕುಡಿ."